ಬೈಬಲ್ ಪಕ್ಕದಲ್ಲಿ ಡಾರ್ವಿನ್

ವೈಟ್‌ಫೀಲ್ಡಿನ ಹಳಬರನ್ನು ಮಾತಿಗೆಳೆದರೆ ಚರ್ಚಿಲ್ ಹೆಸರು ಬಾರದೆ ಇರುವುದಿಲ್ಲ. ಇಲ್ಲಿ ವೇವರ್ಲಿ ಇನ್ ಎಂಬ ವಸತಿಗೃಹವಿತ್ತು. ಬೆಂಗಳೂರು ದಂಡಿನಿಂದ ಕುದುರೆ ಏರಿ ಬರುತ್ತಿದ್ದ ಯುವ ಸೇನಾಧಿಕಾರಿ ಅದರ ಮಾಲೀಕನ ಮಗಳಿಗೆ ಮನಸೋತಿದ್ದ ಎಂಬುದು ಊರಿನವರು ಬಾಯಿಂದ ಬಾಯಿಗೆ ದಾಟಿಸಿಕೊಂಡು ಬಂದ ಕಥೆ. ಆಗ ವೈಟ್‌ಫೀಲ್ಡಿಗೆ ಇನ್ನೂ ಎಳೆಯ ವಯಸ್ಸು. ಮೈಸೂರಿನ ಚಾಮರಾಜೇಂದ್ರ ಒಡೆಯರು ಕೊಟ್ಟ 3,900 ಎಕರೆ ನೆಲದಲ್ಲಿ, ಡೇವಿಡ್ ವೈಟ್ ಅವರ ಮುಂದಾಳತ್ವದಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ 1882ರಲ್ಲಿ ಎದ್ದ ವಸಾಹತು ಅದು. ವಸತಿಗೃಹದ ಪ್ರೇಮಕ್ಕೆ ಊರಿನ ನೆನಪೇ ಆಧಾರ. ಆದರೆ ಅದೇ ಯುವಕ ಅದೇ ದಿನಗಳಲ್ಲಿ ಇನ್ನೊಂದಕ್ಕೂ ಮನಸೋತಿದ್ದ. ಅದಕ್ಕೆ ಆತನೇ ಬರೆದಿಟ್ಟ ಸಾಕ್ಷಿಯಿದೆ. ಅದು ಪುಸ್ತಕ.

1896ರಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದೊಂದಿಗೆ ಬೆಂಗಳೂರಿಗೆ ಬಂದಾಗ ವಿನ್‌ಸ್ಟನ್ ಚರ್ಚಿಲ್‌ಗೆ 21 ವರ್ಷ. ಇಬ್ಬರು ಗೆಳೆಯರೊಡನೆ ಹಂಚಿಕೊಂಡ ಬಂಗಲೆ, ಬೆಳಗ್ಗೆ ಕವಾಯತು, ಸಂಜೆ ಪೋಲೋ. ನಡುವೆ ಉದ್ದುದ್ದನೆಯ ಬಿಸಿಲು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಕ್ರಿಸ್ತನ ಬೋಧನೆಯೇ ಎಥಿಕ್ಸ್‌ನಲ್ಲಿ ಕೊನೆಯ ಮಾತು ಎಂದು ಗೆಳೆಯನೊಬ್ಬ ಹಿಂದೊಮ್ಮೆ ಹೇಳಿದ್ದು ಆತನ ತಲೆಯಲ್ಲಿ ಕೊರೆಯುತ್ತಿತ್ತು. ಎಥಿಕ್ಸ್ ಎಂದರೇನೆಂದು ಗೊತ್ತಿರಲಿಲ್ಲ. ಗಂಟೆ, ಒಂದೂವರೆ ಗಂಟೆ ಕೂತು ಅದನ್ನು ಬಿಡಿಸಿ ಹೇಳುವ ವಿದ್ವಾಂಸ ಸಿಕ್ಕಿದ್ದರೆ ಎರಡು ಪೌಂಡು ಕೊಡಲು ಸಿದ್ಧನಿದ್ದೆ ಎಂದು 1930ರಲ್ಲಿ ಬಂದ ಆತ್ಮಕಥೆ ‘ಮೈ ಅರ್ಲಿ ಲೈಫ್’ನಲ್ಲಿ ಬರೆದುಕೊಂಡಿದ್ದಾನೆ. ದಂಡಿನ ಆ ವಲಯದಲ್ಲಿ ಅಂಥವರು ಸಿಗಲಿಲ್ಲ. ಹಾಗಾಗಿ ಇಂಗ್ಲೆಂಡಿನಲ್ಲಿದ್ದ ತಾಯಿಗೆ ಕಾಗದ ಬರೆದ. ಗಿಬ್ಬನ್ನನ ಎಂಟು ಸಂಪುಟ ಬಂತು, ಮೆಕಾಲೆಯ ಹನ್ನೆರಡು ಸಂಪುಟ ಬಂತು. ಪ್ಲೇಟೊ, ಅರಿಸ್ಟಾಟಲ್, ಶೋಪೆನ್‌ಹಾವರ್, ಮಾಲ್ತಸ್, ಡಾರ್ವಿನ್ ಒಬ್ಬರ ಹಿಂದೊಬ್ಬರು ಬಂದರು. ದಿನಕ್ಕೆ ನಾಲ್ಕೈದು ಗಂಟೆ ಓದು.

ಆತ ಸುಮ್ಮನೆ ಓದಿದವನಲ್ಲ, ಪುಸ್ತಕದೊಡನೆ ಜಗಳಕ್ಕೆ ನಿಂತವನು. ಗಿಬ್ಬನ್ನನ ರೋಮ್ ಚರಿತ್ರೆಯ ಅಂಚಿನ ತುಂಬ ತನ್ನ ಅಭಿಪ್ರಾಯ ಗೀಚಿದ. ಕ್ರೈಸ್ತಧರ್ಮದ ಹುಟ್ಟನ್ನು ಗಿಬ್ಬನ್ ಬರಿಯ ಮಾನುಷ ಕಾರಣಗಳಿಂದ ವಿವರಿಸಿದ್ದನ್ನು ಸಂಪಾದಕ ಮಿಲ್ಮನ್ ಪಾದ್ರಿ ಅಡಿಟಿಪ್ಪಣಿಗಳಲ್ಲಿ ಖಂಡಿಸುತ್ತ ಹೋಗಿದ್ದರು. ಪುಟದ ಮೇಲ್ಭಾಗದಲ್ಲಿ ಚರಿತ್ರೆಕಾರ, ಕೆಳಭಾಗದಲ್ಲಿ ಪಾದ್ರಿ. ನಡುವೆ ಸಿಕ್ಕ ಓದುಗ ಚರಿತ್ರೆಕಾರನ ಪರ ವಹಿಸಿ ಪಾದ್ರಿಯ ಮೇಲೆ ಸಿಟ್ಟಾದ. ಬ್ರಿಟಿಷ್ ಸಂಸತ್ತಿನ ಚರ್ಚೆಗಳಿದ್ದ ‘ಆ್ಯನ್ಯುಯಲ್ ರಿಜಿಸ್ಟರ್’ ಸಂಪುಟಗಳನ್ನು ಓದುವಾಗ ಆತ ಇನ್ನೊಂದು ಶಿಸ್ತು ಇಟ್ಟುಕೊಂಡಿದ್ದ. ಒಂದು ಚರ್ಚೆಯನ್ನು ಓದುವ ಮೊದಲೇ ಆ ವಿಷಯದಲ್ಲಿ ತನ್ನ ನಿಲುವೇನೆಂದು ಹಾಳೆಯ ಮೇಲೆ ಬರೆಯಬೇಕು. ಓದಿದ ಮೇಲೆ ಬರೆದದ್ದನ್ನು ಮತ್ತೆ ನೋಡಿ ತಿದ್ದಬೇಕು. ಓದುಗ ತನ್ನ ಮನಸ್ಸು ಎಲ್ಲಿ ಅಲುಗಿತೆಂದು ತಾನೇ ಕಂಡುಕೊಳ್ಳಲು ಇದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ.

ಅಲುಗಿದ್ದು ದೇವರ ಮೇಲಿನ ನಂಬಿಕೆ. ಗಿಬ್ಬನ್ ಜೊತೆಗೆ ಲೆಕಿಯ ‘ಯುರೋಪಿಯನ್ ನೀತಿಯ ಚರಿತ್ರೆ’ ಮತ್ತು ವಿನ್‌ವುಡ್ ರೀಡ್‌ನ ‘ದಿ ಮಾರ್ಟರ್‌ಡಮ್ ಆಫ್ ಮ್ಯಾನ್’ ಓದಿದ ಮೇಲೆ, ಬಾಲ್ಯದಲ್ಲಿ ಕೇಳಿದ ಪ್ರಾರ್ಥನೆಗಳೆಲ್ಲ ತನಗೆ ಮಾಡಿದ ಮೋಸವೆಂದು ಆತನಿಗೆ ಅನಿಸಿತು. ಕೆಲಕಾಲ ಧರ್ಮದ ಕಡುವಿರೋಧಿಯಾದ. ಮುಂದೆ ಯುದ್ಧಭೂಮಿಯಲ್ಲಿ ಗುಂಡು ಹಾರುವಾಗ ಬಾಯಲ್ಲಿ ತಾನಾಗಿ ಪ್ರಾರ್ಥನೆ ಬಂತು, ಬದುಕಿ ಬಂದಾಗ ಕೃತಜ್ಞತೆಯೂ ಬಂತು. ಬುದ್ಧಿ ಒಂದು ಹೇಳುತ್ತದೆ, ಎದೆ ಇನ್ನೊಂದು ಹೇಳುತ್ತದೆ. ಇದಕ್ಕೆ ಆತ ಕಂಡುಕೊಂಡ ಪರಿಹಾರ ಸರಳ: ನಂಬಬೇಕೆನಿಸಿದ್ದನ್ನು ನಂಬುವುದು, ತರ್ಕವನ್ನು ಅದರ ದಾರಿಗೆ ಬಿಡುವುದು. ಒಂದೇ ಮನೆಯಲ್ಲಿ ಎರಡು ಕೋಣೆ, ನಡುವಿನ ಬಾಗಿಲಿಗೆ ಅಗುಳಿ.

ಆದರೆ ಆ ಅಗುಳಿ ಪೂರ್ತಿ ಬಿದ್ದಿರಲಿಲ್ಲ ಎನ್ನುವುದಕ್ಕೆ ಬೆಂಗಳೂರಿನಲ್ಲೇ ಒಂದು ಸಾಕ್ಷಿ ಹುಟ್ಟಿತು. ಚರ್ಚಿಲ್ ತನ್ನ ಬದುಕಿನ ಒಂದೇ ಒಂದು ಕಾದಂಬರಿಯನ್ನು ಆ ಕಾಲದಲ್ಲೇ ಬರೆದ. ‘ಸಾವ್ರೋಲಾ’ ಎಂಬ ಆ ಕೃತಿ 1899ರಲ್ಲಿ ಮ್ಯಾಕ್‌ಮಿಲನ್ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದನ್ನು ಓದಬೇಡಿ ಎಂದು ಸ್ನೇಹಿತರಿಗೆ ಮುಂದೆ ಆತನೇ ಹೇಳುತ್ತಿದ್ದ. ಆದರೂ ಅದರಲ್ಲಿ ಒಂದು ದೃಶ್ಯವಿದೆ, ಹತ್ತಿರ ನಿಂತು ನೋಡುವಂಥದ್ದು. ಕ್ರಾಂತಿಯ ನಾಯಕನಾದ ಸಾವ್ರೋಲಾನ ಕೋಣೆಯ ಪುಸ್ತಕದ ಕಪಾಟು. ಗಿಬ್ಬನ್ನನ ಎಂಟು ಸಂಪುಟ ಮುಗಿದಲ್ಲಿ ಬೊಕಾಚೊನ ‘ಡೆಕಾಮೆರಾನ್’ ಕಥೆಗಳು ಶುರುವಾಗುತ್ತವೆ. ಹಳೆಯ ದಪ್ಪಕ್ಷರದ ಬೈಬಲ್ಲಿಗೆ ಡಾರ್ವಿನ್ನನ ‘ಜೀವಿಗಳ ಉಗಮ’ ಒರಗಿಕೊಂಡಿದೆ. ಪ್ಲೇಟೊನ ‘ರಿಪಬ್ಲಿಕ್’ ಒಂದು ತುದಿಗೆ, ಥ್ಯಾಕರೆಯ ‘ವ್ಯಾನಿಟಿ ಫೇರ್’ ಕಾದಂಬರಿಯೂ ಲೆಕಿಯ ನೀತಿಚರಿತ್ರೆಯೂ ಇನ್ನೊಂದು ತುದಿಗೆ ನಿಂತು ತಕ್ಕಡಿ ಸಮ ಮಾಡಿವೆ. ಆತ್ಮಕಥೆಯಲ್ಲಿ ಎರಡು ಕೋಣೆಗಳಿಗೆ ಹಂಚಿಹೋದ ನಂಬಿಕೆ ಮತ್ತು ತರ್ಕ, ಕಾದಂಬರಿಯ ಕಪಾಟಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ.

ಕಥೆಯ ಪುಸ್ತಕ, ಶಾಸ್ತ್ರದ ಪುಸ್ತಕ. ಧರ್ಮದ ವಿಷಯಕ್ಕೆ ಬಂದಾಗ ಎರಡರಲ್ಲಿ ಯಾವುದರ ಮಾತು ಕೇಳಬೇಕು?

ಇದು ಭಾರತೀಯ ದರ್ಶನಗಳಿಗೆ ಹೊಸ ಪ್ರಶ್ನೆಯಲ್ಲ. ನ್ಯಾಯದರ್ಶನಕ್ಕೆ ಆಪ್ತನ ಮಾತೇ ಶಬ್ದಪ್ರಮಾಣ. ವಿಷಯವನ್ನು ಬಲ್ಲವನು, ಬಲ್ಲಂತೆಯೇ ಹೇಳುವವನು ಆಪ್ತ. ಚಾರ್ವಾಕರು ಅದನ್ನೂ ಒಪ್ಪಲಿಲ್ಲ. ಬೌದ್ಧರು ಅದನ್ನು ಅನುಮಾನಪ್ರಮಾಣದೊಳಗೆ, ಎಂದರೆ ತರ್ಕದಿಂದ ಊಹಿಸಿ ತಿಳಿಯುವುದರೊಳಗೆ, ಸೇರಿಸಿದರು. ಹಾಗಿದ್ದರೆ ಕಾದಂಬರಿಕಾರ ಆಪ್ತನೇ? ಇದು ಕಟ್ಟಿದ ಕಥೆ ಎಂದು ಆತನೇ ಮೊದಲ ಪುಟದಲ್ಲಿ ಒಪ್ಪಿಕೊಂಡಿರುತ್ತಾನೆ. ಇಲ್ಲಿ ಅಲಂಕಾರಶಾಸ್ತ್ರ ಕೈಹಿಡಿಯುತ್ತದೆ. ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಉಪದೇಶ ಮೂರು ಬಗೆ ಎಂದ. ವೇದ ಒಡೆಯನ ಹಾಗೆ ಅಪ್ಪಣೆ ಕೊಡುತ್ತದೆ, ಪುರಾಣ ಇತಿಹಾಸಗಳು ಗೆಳೆಯನ ಹಾಗೆ ಬುದ್ಧಿ ಹೇಳುತ್ತವೆ, ಕಾವ್ಯ ಮಾತ್ರ ಪ್ರಿಯೆಯ ಹಾಗೆ ಮನಸ್ಸನ್ನು ಒಲಿಸಿಕೊಳ್ಳುತ್ತದೆ. ಪ್ರಭುಸಮ್ಮಿತ, ಸುಹೃತ್‌ಸಮ್ಮಿತ, ಕಾಂತಾಸಮ್ಮಿತ. ಇಂದಿನ ಓದುಗ ಈ ಪಟ್ಟಿಗೆ ನಾಲ್ಕನೆಯದೊಂದನ್ನು ಸೇರಿಸಿಕೊಳ್ಳಬೇಕಾಗುತ್ತದೆ: ಸಾಕ್ಷಿಯ ಹಾಗೆ ಮಾತಾಡುವ ಪುಸ್ತಕ. ಗಿಬ್ಬನ್ ಅಂಥವನು, ಡಾರ್ವಿನ್ ಅಂಥವನು. ಸಾಕ್ಷಿಗೆ ಅಪ್ಪಣೆ ಮಾಡುವ ಅಧಿಕಾರವಿಲ್ಲ, ಒಲಿಸಿಕೊಳ್ಳುವ ಹಂಗೂ ಇಲ್ಲ. ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ ಎಲ್ಲಿ ನೋಡಿದೆ, ಹೇಗೆ ಗೊತ್ತಾಯಿತು ಎಂದು ಪಾಟೀಸವಾಲು ಮಾಡಬಹುದು, ಮಾಡಲೇಬೇಕು. ಪುಸ್ತಕಗಳನ್ನು ಮುಂದಿಟ್ಟುಕೊಂಡು ಧರ್ಮದ ಹೆಸರಲ್ಲಿ ನಡೆಯುವ ಬಹುಪಾಲು ಜಗಳಗಳು ಹುಟ್ಟುವುದು ಸಾಕ್ಷಿಗೆ ಕೇಳಬೇಕಾದ ಪ್ರಶ್ನೆಯನ್ನು ಪ್ರಿಯೆಗೆ, ಪ್ರಿಯೆಗೆ ಕೊಡಬೇಕಾದ ವಿಶ್ವಾಸವನ್ನು ಸಾಕ್ಷಿಗೆ ಕೊಡುವುದರಿಂದ.

ಚರ್ಚಿಲ್ ದಂಡಿನಲ್ಲಿ ಎಥಿಕ್ಸ್‌ನ ಅರ್ಥ ಹುಡುಕುತ್ತಿದ್ದಾಗ, ಪೂರ್ವದಿಕ್ಕಿನಲ್ಲಿ ಒಂದು ಹಗಲಿನ ದಾರಿಯೊಳಗೆ ಇಬ್ಬರು ಹುಡುಗರಿದ್ದರು. ಮುಳಬಾಗಿಲಿನಲ್ಲಿ ಒಂಬತ್ತು ವರ್ಷದ ಗುಂಡಪ್ಪ. ಮಾಲೂರು ಸೀಮೆಯಲ್ಲಿ ಐದು ವರ್ಷದ ವೆಂಕಟೇಶ. ವೈಟ್‌ಫೀಲ್ಡಿನಿಂದ ರೈಲು ಹತ್ತಿ ದೇವನಗೊಂದಿ ದಾಟಿದರೆ ಮಾಲೂರು. ಮಾಸ್ತಿ ವೆಂಕಟೇಶ ಅಯ್ಯಂಗಾರರ ತಾಲ್ಲೂಕು. ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಮೈಸೂರು ಸರ್ಕಾರದಲ್ಲಿ ದೊಡ್ಡ ಹುದ್ದೆಗಳನ್ನು ನೋಡಿ, 1943ರಲ್ಲಿ ಕೆಲಸ ಬಿಟ್ಟು ‘ಜೀವನ’ ಪತ್ರಿಕೆ ನಡೆಸಿದವರು. ಅವರು ಓದಿದ ರೀತಿಗೆ ಒಂದು ಕಥೆಯ ಶೀರ್ಷಿಕೆಯೇ ಸಾಕು: ‘ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳು’. ರಷ್ಯದ ಕಾದಂಬರಿಕಾರನೊಬ್ಬ ಮಾಸ್ತಿಯವರ ಮನೆಗೆ ಬಂದರೆ ಮಹರ್ಷಿಯಾಗುತ್ತಾನೆ. ಅದೇ ಮಾಸ್ತಿ ‘ಆದಿಕವಿ ವಾಲ್ಮೀಕಿ’, ‘ಭಾರತತೀರ್ಥ’ಗಳಲ್ಲಿ ರಾಮಾಯಣ ಮಹಾಭಾರತಗಳನ್ನು ಕವಿಯ ಕೃತಿಗಳೆಂದೇ ಹಿಡಿದು, ಸಾಹಿತ್ಯವಿಮರ್ಶಕನ ಕಣ್ಣಿನಿಂದ ಪರಿಶೀಲಿಸಿದರು. ಶ್ರದ್ಧೆಯುಳ್ಳ ಶ್ರೀವೈಷ್ಣವರಾದ ಅವರಿಗೆ ಅದರಿಂದ ಶ್ರದ್ಧೆಗೆ ಊನವಾಯಿತೆಂದು ಅನಿಸಲಿಲ್ಲ.

ಡಿ.ವಿ. ಗುಂಡಪ್ಪನವರಿಗೆ ಮೆಟ್ರಿಕ್ಯುಲೇಷನ್ ಕೈಗೂಡಲಿಲ್ಲ. ಓದು ಮಾತ್ರ ಕೊನೆಯ ತನಕ ನಿಲ್ಲಲಿಲ್ಲ. ಹೆಂಡ, ಗುಲಾಬಿ, ಸಂದೇಹಗಳ ಪಾರಸಿ ಕವಿ ಉಮರ್ ಖಯ್ಯಾಮನನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದ ಕೈಯೇ ಭಗವದ್ಗೀತೆಗೆ ‘ಜೀವನಧರ್ಮಯೋಗ’ ಬರೆಯಿತು. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಎರಡರ ನಡುವೆ, 1943ರಲ್ಲಿ, ‘ಮಂಕುತಿಮ್ಮನ ಕಗ್ಗ’. ದೇವರಿದ್ದಾನೆಯೇ, ಇದ್ದರೆ ಈ ಸೃಷ್ಟಿಯೇಕೆ ಹೀಗೆ ಎಂಬ ಪ್ರಶ್ನೆ ಅಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಸಂದೇಹ ಒಂದು ಪುಸ್ತಕಕ್ಕೆ, ಸಮಾಧಾನ ಇನ್ನೊಂದಕ್ಕೆ ಎಂದು ಡಿವಿಜಿ ಬೇರ್ಪಡಿಸಲಿಲ್ಲ. ಒಂದೇ ಚೌಪದಿಯ ಮೊದಲ ಸಾಲಿನಲ್ಲಿ ಉಮರ, ಕೊನೆಯ ಸಾಲಿನಲ್ಲಿ ಗೀತೆ ಕೂತಿರುವಂತೆ ಬರೆದರು. 1945ರಲ್ಲಿ ಅವರು ಬಸವನಗುಡಿಯಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ರಾಜಕೀಯಕ್ಕೂ ವೇದಾಂತಕ್ಕೂ ಕಾವ್ಯಕ್ಕೂ ಒಂದೇ ಸೂರು. ಚರ್ಚಿಲ್ ಹಾಕಿದ ಅಗುಳಿ ಇಲ್ಲಿ ಇಲ್ಲ.

ಈಗ ನೇರಳೆ ಮೆಟ್ರೊ ವೈಟ್‌ಫೀಲ್ಡಿನ ಕಡೆ ಬರುವಾಗ ಪಟ್ಟಂದೂರು ಅಗ್ರಹಾರ ಎಂಬ ನಿಲ್ದಾಣ ಸಿಗುತ್ತದೆ. ಬೆಳಗ್ಗೆ ಅಲ್ಲಿ ಇಳಿಯುವವರ ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಎದುರಿಗೆ ಐಟಿಪಿಎಲ್‌ನ ಗಾಜಿನ ಕಟ್ಟಡಗಳು. ಅಗ್ರಹಾರವೆಂಬ ಪದ ಫಲಕದ ಮೇಲೆ ಉಳಿದಿದೆ. ಆ ಪದದೊಳಗೆ ಏನಿತ್ತು ಎಂದು ತಿಳಿಯಬೇಕೆನ್ನುವ ಓದುಗನಿಗೆ ಎರಡು ಬಾಗಿಲುಗಳಿವೆ. ಒಂದು ಪಿ.ವಿ. ಕಾಣೆಯವರ ‘ಹಿಸ್ಟರಿ ಆಫ್ ಧರ್ಮಶಾಸ್ತ್ರ’. 1930ರಿಂದ 1962ರ ತನಕ ಐದು ಸಂಪುಟಗಳಲ್ಲಿ ಹೊರಬಂದ ಮಹಾಗ್ರಂಥ. ಅದರ ನಾಲ್ಕನೆಯ ಸಂಪುಟದಲ್ಲಿ ಪಾತಕ, ಪ್ರಾಯಶ್ಚಿತ್ತ, ಅಂತ್ಯೇಷ್ಟಿ, ಆಶೌಚ, ಶ್ರಾದ್ಧ ಎಲ್ಲವೂ ಇವೆ: ಯಾರು ಸತ್ತರೆ ಯಾರಿಗೆ ಸೂತಕ, ಸಂಸ್ಕಾರದ ಹಕ್ಕು ಯಾರದು, ಯಾವ ಸ್ಮೃತಿ ಏನು ಹೇಳುತ್ತದೆ, ಯಾವ ಟೀಕಾಕಾರ ಎಲ್ಲಿ ಭಿನ್ನ. ಇನ್ನೊಂದು ಬಾಗಿಲು 1965ರಲ್ಲಿ ಬಂದ ಯು.ಆರ್. ಅನಂತಮೂರ್ತಿಯವರ ತೆಳ್ಳನೆಯ ಕಾದಂಬರಿ ‘ಸಂಸ್ಕಾರ’.

ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬ್ರಾಹ್ಮಣ್ಯವನ್ನು ತೊರೆದವನು, ಆದರೆ ಬಹಿಷ್ಕಾರಕ್ಕೆ ಒಳಗಾಗದವನು. ಹೆಣ ಎತ್ತುವವರ್‍ಯಾರು? ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರು ಓಲೆಗರಿಗಳನ್ನೆಲ್ಲ ತಿರುವಿಹಾಕುತ್ತಾರೆ. ಉತ್ತರ ಸಿಗುವುದಿಲ್ಲ. ಕಾಡಿನ ಮಾರುತಿ ಗುಡಿಗೆ ಹೋಗಿ, ಬಲಗಡೆಯ ಹೂ ಬಿದ್ದರೆ ಸರಿ, ಎಡಗಡೆಯದು ಬಿದ್ದರೆ ಕೂಡದು ಎಂದು ಪ್ರಸಾದ ಕೇಳುತ್ತಾರೆ. ಹೊತ್ತೇರುತ್ತದೆ, ಹೊತ್ತು ಇಳಿಯುತ್ತದೆ. ಹೂ ಅಲುಗುವುದಿಲ್ಲ. ಮನೆಯಲ್ಲಿ ಕಾಯಿಲೆಯ ಹೆಂಡತಿಗೆ ಔಷಧಿಯ ಹೊತ್ತು ಮೀರುತ್ತಿದೆ. ಇತ್ತ ಶಾಸ್ತ್ರ ಮೌನ, ಅತ್ತ ದೇವರು ಮೌನ. ಕೊನೆಗೆ ಆ ಶವಕ್ಕೆ ಬೆಂಕಿ ಸಿಗುವುದು ನಾರಣಪ್ಪನೊಡನೆ ಬಾಳಿದ ಚಂದ್ರಿಯ ಕಳಕಳಿಯಿಂದ, ಗಾಡಿ ಹೂಡಿದ ಮುಸಲ್ಮಾನ ಮೀನುವ್ಯಾಪಾರಿಯೊಬ್ಬನ ಕೈಯಿಂದ. ಅಗ್ರಹಾರಕ್ಕೆ ಅದರ ಸುಳಿವೂ ಇರುವುದಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಚಲನಚಿತ್ರವನ್ನು ನೋಡಿ ಬಂದ ಮೇಲೆ ಅನಂತಮೂರ್ತಿ ಬರೆದ ಕಥೆಯಿದು. ಆ ಚಿತ್ರದಲ್ಲೂ ಪ್ಲೇಗು, ಆ ಚಿತ್ರದಲ್ಲೂ ಮಾತಾಡದ ದೇವರು.

ನಾರಣಪ್ಪನಂಥವನಿಗೆ ಅಂತ್ಯೇಷ್ಟಿಯ ವಿಧಿ ಏನೆಂದು ಕಾಣೆಯವರನ್ನು ಕೇಳಿದರೆ ಸ್ಮೃತಿಕಾರರ ಮತಗಳನ್ನು ಜೋಡಿಸಿಕೊಡುತ್ತಾರೆ. ಅದು ಸಾಕ್ಷಿಯ ಕೆಲಸ; ಅದನ್ನು ಅವರಷ್ಟು ನಿಷ್ಠೆಯಿಂದ ಮಾಡಿದವರು ಕಡಿಮೆ. ಹೆಣ ನಾರುತ್ತಿರುವಾಗ, ಇಲಿಗಳು ಬೀದಿಯಲ್ಲಿ ಬಿದ್ದು ಸಾಯುತ್ತಿರುವಾಗ, ಹಸಿದ ಬ್ರಾಹ್ಮಣರು ಚಂದ್ರಿ ಕಳಚಿಟ್ಟ ಬಂಗಾರವನ್ನು ಓರೆಗಣ್ಣಿನಿಂದ ನೋಡುತ್ತಿರುವಾಗ ಆ ವಿಧಿ ಏನಾಗುತ್ತದೆ ಎನ್ನುವುದನ್ನು ಕಾಣೆಯವರು ಹೇಳಲಾರರು. ಅದನ್ನು ‘ಸಂಸ್ಕಾರ’ವೇ ಹೇಳಬೇಕು. ‘ಸಂಸ್ಕಾರ’ವನ್ನು ಮಾಧ್ವ ಸಮಾಜದ ದಾಖಲೆಯೆಂದು ಓದಿ ಸಿಟ್ಟಾದವರು ಪ್ರಿಯೆಯನ್ನು ಕಟಕಟೆಗೆ ಹತ್ತಿಸಿದರು. ಅದನ್ನೇ ದಾಖಲೆಯೆಂದು ಹಿಡಿದು ಒಂದು ಸಮುದಾಯವನ್ನು ಅಳೆದವರೂ ಅದೇ ತಪ್ಪನ್ನು ಮಾಡಿದರು.

ಅದೇ 1965ರಲ್ಲಿ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವೂ ಬಂತು. ಇಬ್ಬರು ಲೇಖಕರ ಧೋರಣೆಗಳು ಉತ್ತರ, ದಕ್ಷಿಣ. ಆದರೆ ಎರಡೂ ಕಾದಂಬರಿಗಳು ಪುಸ್ತಕದ ಮನುಷ್ಯನನ್ನೇ ನಡುವೆ ನಿಲ್ಲಿಸಿದವು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಧರ್ಮಶಾಸ್ತ್ರವನ್ನು ಬದುಕಿ ತೋರಿಸಿದವರು. ವಂಶದ ಶುದ್ಧಿಗಾಗಿ ವಿಧವೆ ಸೊಸೆ ಕಾತ್ಯಾಯನಿಯ ಮರುಮದುವೆಯ ಸಂಕಟವನ್ನು ನುಂಗಿಕೊಂಡವರು. ಕೊನೆಗೆ, ತಾವು ಆ ವಂಶದ ರಕ್ತವೇ ಅಲ್ಲವೆಂದು ಅವರಿಗೆ ತಿಳಿಯುತ್ತದೆ. ಇತ್ತ ಮೈಸೂರಿನಲ್ಲಿ ಇತಿಹಾಸಕಾರ ಸದಾಶಿವರಾಯರು ಭಾರತೀಯ ಸಂಸ್ಕೃತಿಯ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆಯುತ್ತ ಮನೆಯನ್ನು ಮರೆಯುತ್ತಾರೆ. ಗ್ರಂಥ ಬೆಳೆಯುತ್ತದೆ, ಹೆಂಡತಿಯ ಬಾಳು ಒಣಗುತ್ತದೆ. ಪಾಂಡಿತ್ಯಕ್ಕೆ ಏನು ಬೆಲೆ ತೆರಬೇಕು, ಆ ಬೆಲೆಯನ್ನು ಯಾರು ತೆರುತ್ತಾರೆ ಎನ್ನುವುದನ್ನು ಯಾವ ಪಂಡಿತ ಗ್ರಂಥದ ಅಡಿಟಿಪ್ಪಣಿಯೂ ಹೇಳುವುದಿಲ್ಲ. ಆ ಟಿಪ್ಪಣಿಯನ್ನು ಬರೆದದ್ದು ತತ್ತ್ವಶಾಸ್ತ್ರದ ಅಧ್ಯಾಪಕನೊಬ್ಬನ ಕಾದಂಬರಿ.

ಓದಿದವರ ಈ ಸಾಲಿಗೆ ಎದುರಾಗಿ ಓದದ ಒಬ್ಬಳನ್ನು ಶಿವರಾಮ ಕಾರಂತರು ಕೂರಿಸಿದರು. ‘ಮೂಕಜ್ಜಿಯ ಕನಸುಗಳು’ 1968ರದು. 1977ರಲ್ಲಿ ಜ್ಞಾನಪೀಠ ಪಡೆಯಿತು. ಬಾಲವಿಧವೆಯಾಗಿ ಮುದುಕಿಯಾದ ಮೂಕಜ್ಜಿಗೆ ಶಾಲೆಯಿಲ್ಲ, ಶಾಸ್ತ್ರವಿಲ್ಲ. ಮೊಮ್ಮಗ ಸುಬ್ಬರಾಯ ಎಲ್ಲಿಂದಲೋ ಆಯ್ದು ತಂದ ಮೂಳೆಯ ಚೂರನ್ನೋ ಕಲ್ಲಿನ ತುಣುಕನ್ನೋ ಅಂಗೈಯಲ್ಲಿಟ್ಟರೆ, ಸಾವಿರ ವರ್ಷಗಳ ಆಚೆಯವರು ಅಜ್ಜಿಯ ಕಣ್ಣಿಗೆ ಕಾಣುತ್ತಾರೆ. ಒಂದು ದೇವರು ಹೋಗಿ ಇನ್ನೊಂದು ಬಂದದ್ದನ್ನು, ಮನುಷ್ಯ ತನ್ನ ಹಸಿವಿಗೂ ಕಾಮಕ್ಕೂ ಭಯಕ್ಕೂ ತಕ್ಕ ಹಾಗೆ ದೇವರನ್ನು ಕಡೆದದ್ದನ್ನು ಅವಳು ಎಲೆಯಡಿಕೆ ಹಾಕಿಕೊಂಡಷ್ಟು ಸಹಜವಾಗಿ ಹೇಳುತ್ತಾಳೆ. ಬರೆದವರು ಮಕ್ಕಳಿಗೆ ‘ಬಾಲ ಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಕೊಟ್ಟ ಕಾರಂತರು. ಮಾನವಶಾಸ್ತ್ರದ ಪುಸ್ತಕಗಳಿಂದ ತಾವು ಕಲಿತದ್ದನ್ನು ಪ್ರಬಂಧವಾಗಿಯೂ ಬರೆಯಬಹುದಿತ್ತು. ಅಜ್ಜಿಯ ಬಾಯಲ್ಲಿ ಹೇಳಿಸಿದ್ದರಿಂದ ಒಂದು ದೊಡ್ಡ ವ್ಯತ್ಯಾಸವಾಯಿತು. ದೇವರು ಮನುಷ್ಯನ ಸೃಷ್ಟಿ ಎಂಬ ಮಾತು ಪುಸ್ತಕದಿಂದ ಬಂದರೆ ಓದುಗ ವಾದಕ್ಕೆ ಇಳಿಯುತ್ತಾನೆ. ನಂಬಿದ ಜನರನ್ನು ಒಂದಿಷ್ಟೂ ಹೀಯಾಳಿಸದ ಅಜ್ಜಿಯಿಂದ ಬಂದರೆ ಸುಮ್ಮನೆ ಕೂತು ಕೇಳುತ್ತಾನೆ.

ಹಾಗೆಂದು ಎರಡು ಬಗೆಯ ಪುಸ್ತಕಗಳನ್ನು ಬೆರೆಸುವುದು ಯಾವಾಗಲೂ ಸಲೀಸಲ್ಲ. 2007ರಲ್ಲಿ ಬಂದ ಭೈರಪ್ಪನವರ ‘ಆವರಣ’ ಇದಕ್ಕೆ ಕನ್ನಡದ ದೊಡ್ಡ ಉದಾಹರಣೆ. ಅದರ ನಾಯಕಿ ತಾನೇ ಒಂದು ಐತಿಹಾಸಿಕ ಕಾದಂಬರಿ ಬರೆಯುತ್ತಾಳೆ, ತನ್ನ ಆಕರಗ್ರಂಥಗಳ ಪಟ್ಟಿಯನ್ನೂ ಕೊಡುತ್ತಾಳೆ. ಮುದ್ರಣದ ಮೇಲೆ ಮುದ್ರಣ ಕಂಡ ಆ ಪುಸ್ತಕದ ಸುತ್ತ ಎದ್ದ ವಾಗ್ವಾದ ಬಹುಮಟ್ಟಿಗೆ ಸಾಹಿತ್ಯದ್ದಾಗಿರಲಿಲ್ಲ. ಚರಿತ್ರೆ ಸರಿಯೋ ತಪ್ಪೋ ಎಂಬುದಾಗಿತ್ತು. ಕಾದಂಬರಿ ಆಕರಗಳನ್ನು ಮುಂದೆ ಹಿಡಿದ ಕೂಡಲೇ ಅದು ಸಾಕ್ಷಿಯ ಅಂಗಿಯನ್ನೂ ತೊಟ್ಟಂತಾಯಿತು. ಆಗ ಓದುಗನಿಗೆ ಎರಡು ಹೊಣೆ. ಆಕರಗಳನ್ನು ಚರಿತ್ರೆಕಾರನ ಬಿಗಿಯಲ್ಲೇ ಪರೀಕ್ಷಿಸಬೇಕು, ಎದುರು ಪಕ್ಷದ ಸಾಕ್ಷಿಗಳನ್ನೂ ಕರೆಸಬೇಕು. ಪಾತ್ರಗಳ ನೋವು ನಿಜವೆನಿಸಿತೇ ಎಂಬುದನ್ನು ಬೇರೆಯಾಗಿಯೇ ಕೇಳಿಕೊಳ್ಳಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಸಾಲ ಕೊಡಬಾರದು. ಪರವಾಗಿ ಕೂಗಿದವರೂ ವಿರೋಧವಾಗಿ ಕೂಗಿದವರೂ ಈ ಸಾಲವನ್ನು ಧಾರಾಳವಾಗಿ ಕೊಟ್ಟರು.

ಈ ಪ್ರಶ್ನೆ ವೈಟ್‌ಫೀಲ್ಡಿಗೆ ಹೊರಗಿನದಲ್ಲ. ಊರಿನ ಒಳವರ್ತುಲದಲ್ಲಿ 1886ರ ಮೆಮೋರಿಯಲ್ ಚರ್ಚ್ ಇದೆ. ಬೇರೆ ಬೇರೆ ಧರ್ಮದವರು ಒಂದೆಡೆ ಕೂತು ಮಾತಾಡಲೆಂದು 1963ರಲ್ಲಿ ಎಂ.ಎ. ಥಾಮಸ್ ಸ್ಥಾಪಿಸಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಇದೆ. ಕಾಡುಗೋಡಿಯಲ್ಲಿ ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮವಿದೆ. 1972ರಿಂದ ಅಲ್ಲಿ ಭಾರತೀಯ ಸಂಸ್ಕೃತಿ ಮತ್ತು ಅಧ್ಯಾತ್ಮದ ಬೇಸಿಗೆ ಶಿಬಿರಗಳು ನಡೆದವು. ವಿನಾಯಕ ಕೃಷ್ಣ ಗೋಕಾಕರು ಬಾಬಾ ಅವರ ಭಕ್ತರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಂದು ಪ್ರಾಧ್ಯಾಪಕರಾದವರು, ‘ಸಮರಸವೇ ಜೀವನ’ ಎಂಬ ಬೃಹತ್ ಕಾದಂಬರಿಯ ಕರ್ತೃ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. 1981ರಲ್ಲಿ ಸತ್ಯ ಸಾಯಿ ಉನ್ನತ ಶಿಕ್ಷಣ ಸಂಸ್ಥೆಯ ಮೊದಲ ಕುಲಪತಿಯಾದವರೂ ಅವರೇ. ಬೆಂಗಳೂರು ವಿಶ್ವವಿದ್ಯಾಲಯದ ಅದೇ ಕುರ್ಚಿಯಲ್ಲಿ ಮುಂದೆ ಕೂತ ಎಚ್. ನರಸಿಂಹಯ್ಯ, ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನದ ಡಾಕ್ಟರೇಟ್ ಪಡೆದ ಗಾಂಧಿವಾದಿ, 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಪರೀಕ್ಷೆಗೆ ಒಪ್ಪಿಕೊಳ್ಳಿ ಎಂದು ಬಾಬಾ ಅವರಿಗೆ ಪತ್ರ ಬರೆದರು. ಪರೀಕ್ಷೆ ನಡೆಯಲಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬಾರದೆಂಬುದನ್ನು ಅವರು ವಿದ್ಯಾರ್ಥಿಗಳಿಗೆ ಜೀವನವಿಡೀ ಹೇಳಿಕೊಟ್ಟರು.

ಗೋಕಾಕರು ಕಡಿಮೆ ಓದಿದವರಲ್ಲ, ನರಸಿಂಹಯ್ಯನವರು ಭಾವವಿಲ್ಲದವರಲ್ಲ. ಒಬ್ಬರಿಗೆ ಬೃಂದಾವನದಲ್ಲಿ ಸಿಕ್ಕಿದ್ದು ಅನುಭವ. ಇನ್ನೊಬ್ಬರು ಕೇಳಿದ್ದು ಪುರಾವೆ. ಅನುಭವಕ್ಕೆ ಪುರಾವೆ ಬೇಕಿಲ್ಲ ಎನ್ನಬಹುದು. ಆದರೆ ಪವಾಡ ಲೋಕದಲ್ಲಿ ನಡೆದ ಘಟನೆಯೆಂದು ಸಾರುವ ಮಾತು ಅನುಭವದ ಮಾತಲ್ಲ, ಸಾಕ್ಷಿಯ ಮಾತು. ಸಾಕ್ಷಿಯೆಂದ ಮೇಲೆ ಪಾಟೀಸವಾಲಿಗೆ ನಿಲ್ಲಬೇಕು. ನರಸಿಂಹಯ್ಯನವರ ಬೇಡಿಕೆ ಅಷ್ಟರಮಟ್ಟಿಗೆ ನ್ಯಾಯವಾದದ್ದು. ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕ ಎ.ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ‘ದೇವರು’ ಎಂಬ ಪುಸ್ತಕದಲ್ಲಿ ಈ ಸವಾಲನ್ನು ಕನ್ನಡದಲ್ಲಿ ಅತ್ಯಂತ ಸ್ಪಷ್ಟವಾಗಿ ಎತ್ತಿದರು. ದೇವರ ಅಸ್ತಿತ್ವಕ್ಕೆ ಕೊಡುವ ವಾದಗಳನ್ನು ಒಂದೊಂದಾಗಿ ತೂಗಿ, ತಮಗೆ ನಂಬಲು ಸಾಧ್ಯವಿಲ್ಲವೆಂದರು. ದನಿ ಏರಿಸಲಿಲ್ಲ, ನಂಬುವವರನ್ನು ನೋಯಿಸಲಿಲ್ಲ. ಆಸ್ತಿಕನ ಕಪಾಟಿನಲ್ಲೂ ಇರಬೇಕಾದ ಪುಸ್ತಕ ಅದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಟ್ಟುಕಥೆಯೆಂದು ಗೊತ್ತಿದ್ದೂ ‘ಸಂಸ್ಕಾರ’ದ ಓದುಗ ಒಂದೆರಡು ಗಂಟೆ ತನ್ನ ಜಾತಿ, ಸಂಬಳ, ಮನೆಸಾಲ ಎಲ್ಲ ಮರೆಯುತ್ತಾನಲ್ಲ, ಅದೇನು? ಮೈಸೂರು ಮಹಾರಾಜಾ ಕಾಲೇಜಿನ ಎಂ. ಹಿರಿಯಣ್ಣನವರು ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಹೊಸದು. ಅವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ 1932ರಿಂದ ಲೋಕದ ತರಗತಿಗಳಲ್ಲಿದೆ. ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಅವರು ತೀರಿಕೊಂಡ ಮೇಲೆ 1954ರಲ್ಲಿ ಪ್ರಕಟವಾಯಿತು. ರಸಾನುಭವದಲ್ಲಿ ‘ನಾನು, ನನ್ನದು’ ಕಳಚುತ್ತದೆ, ಆದ್ದರಿಂದ ಅದು ಮೋಕ್ಷದ ಸ್ಥಿತಿಗೆ ಹತ್ತಿರ ಎಂದರು ಅವರು. ಆದರೆ ಅದು ಹೊರಗಿನ ಕೃತಿಯ ಆಸರೆಯಿಂದ ಬಂದದ್ದು; ಕೃತಿ ಮುಚ್ಚಿದೊಡನೆ ಅದೂ ಹೋಗುತ್ತದೆ. ತತ್ತ್ವಜ್ಞಾನದಿಂದ ಬರುವ ಬಿಡುಗಡೆ ಕಷ್ಟದ್ದು, ಉಳಿಯುವಂಥದ್ದು. ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳಿದ ಶ್ರವಣ, ಮನನ, ನಿದಿಧ್ಯಾಸನಗಳ ದಾರಿ ಅದಕ್ಕಿದೆ.

ಹಿರಿಯಣ್ಣನವರ ಈ ಮಾತನ್ನು ಓದಿನ ಮನೆಗೆ ತಂದುಕೊಂಡರೆ ಕಾದಂಬರಿ ಓದುಗನನ್ನು ತನ್ನಿಂದ ಬಿಡಿಸುತ್ತದೆ, ಅಷ್ಟೇ ಬೇಗ ಕೈಬಿಡುತ್ತದೆ. ಶಾಸ್ತ್ರಗ್ರಂಥ ಮೆಲ್ಲಗೆ ತಿದ್ದುತ್ತದೆ, ಆದರೆ ತಿದ್ದಿಸಿಕೊಳ್ಳಬೇಕೆಂಬ ಹಸಿವನ್ನು ತಾನೇ ಹುಟ್ಟಿಸಲಾರದು. ಹಸಿವು ಹುಟ್ಟುವುದು ಮಾರುತಿ ಗುಡಿಯಲ್ಲಿ ಬೀಳದ ಹೂವಿನ ಮುಂದೆ. ‘ಸಂಸ್ಕಾರ’ ಓದಿ ಎದೆ ಕಲಕಿದವನು ಕಾಣೆಯವರ ನಾಲ್ಕನೆಯ ಸಂಪುಟವನ್ನು ತೆರೆಯುವ ರೀತಿಯೇ ಬೇರೆ; ಮೂರ್ತಿರಾಯರ ವಾದದಲ್ಲಿ ಮಿಂದವನು ಮೂಕಜ್ಜಿಯ ಅಂಗಳದಲ್ಲಿ ಕೂರುವ ರೀತಿಯೂ ಬೇರೆ. ಹೀಗೆ ಓದಿದವನ ದೇವರು ಉಳಿಯಬಹುದು, ಅಳಿಯಬಹುದು. ಆದರೆ ಚರ್ಚಿಲ್‌ನ ಹಾಗೆ ಬಾಗಿಲಿಗೆ ಅಗುಳಿ ಹಾಕಿಕೊಂಡು ಬದುಕಬೇಕಾಗುವುದಿಲ್ಲ. ನಂಬಿಕೆಗೂ ತರ್ಕಕ್ಕೂ ಮಾತುಕತೆ ನಿಲ್ಲುವುದಿಲ್ಲ.

ಆ ಇಪ್ಪತ್ತೊಂದರ ಯುವಕನ ಒಂದು ಅಭ್ಯಾಸವನ್ನು ಮಾತ್ರ ವೈಟ್‌ಫೀಲ್ಡಿನ ಓದುಗರು ಕೇಳಿ ಪಡೆಯಬಹುದು. ‘ಸಂಸ್ಕಾರ’ವನ್ನು ಕೈಗೆತ್ತಿಕೊಂಡು, ಬ್ರಾಹ್ಮಣರೆಲ್ಲ ಪ್ರಾಣೇಶಾಚಾರ್ಯರ ಜಗಲಿಯಲ್ಲಿ ಸೇರುವ ತನಕ ಓದಿ, ಪುಸ್ತಕವನ್ನು ಮಗುಚಿಡಬೇಕು. ಒಂದು ಹಾಳೆಯಲ್ಲಿ ತಾರೀಖು ಹಾಕಿ, ನಾರಣಪ್ಪನ ಶವವನ್ನು ಯಾರು ಎತ್ತಬೇಕು, ಯಾಕೆ ಎಂದು ಬರೆಯಬೇಕು. ಆ ಹಾಳೆಯನ್ನು ಪುಸ್ತಕದಲ್ಲೇ ಇಟ್ಟು ಕಾದಂಬರಿ ಮುಗಿಸಬೇಕು. ಆಮೇಲೆ ‘ದೇವರು’, ಆಮೇಲೆ ‘ಜೀವನಧರ್ಮಯೋಗ’. ಮೂರನ್ನೂ ಓದಿದ ಮೇಲೆ ಹಾಳೆಯನ್ನು ತೆಗೆದು ನೋಡಬೇಕು. ಕಾದಂಬರಿಯ ಕೊನೆಯ ಪುಟದಲ್ಲಿ ಪ್ರಾಣೇಶಾಚಾರ್ಯರು ಒಬ್ಬರಿಗಷ್ಟೇ ಜಾಗವಿದ್ದ ಎತ್ತಿನ ಗಾಡಿ ಹತ್ತಿ ದೂರ್ವಾಸಪುರದ ದಾರಿ ಹಿಡಿದಿದ್ದಾರೆ. ತಮ್ಮವರ ಮುಂದೆ ಏನು ಹೇಳಬೇಕೆಂಬುದನ್ನು ಗಾಡಿಯಲ್ಲಿ ಕೂತು ಅವರಿನ್ನೂ ಯೋಚಿಸುತ್ತಿದ್ದಾರೆ. ಹಾಳೆಯ ಕೆಳಗಡೆ ಇನ್ನಷ್ಟು ಬರೆಯಲು ಜಾಗ ಉಳಿದಿರುತ್ತದೆ.